ಗುಂಡೇಟಿನ ಗಾಯಾಳು ಬಂದಾಗ ಪೊಲೀಸರಿಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು?

ಪ್ರಶ್ನೆ – ರಾತ್ರಿಪಾಳಿ

ನಾನು ತುರ್ತು ಚಿಕಿತ್ಸಾ ವಿಭಾಗಕ್ಕೆ ಸೇರಿ ಹೆಚ್ಚು ದಿನಗಳಾಗಿಲ್ಲ. ಗುಂಡು ತಗುಲಿದವರು ಯಾರೇ ಬಂದರೂ ಪೊಲೀಸರಿಗೆ ತಿಳಿಸಲೇಬೇಕೆಂದು ಮೊದಲ ದಿನವೇ ಹೇಳಿಕೊಟ್ಟರು. ಆದರೆ ಯಾವ ಹೊತ್ತಿಗೆ ತಿಳಿಸಬೇಕು, ಎಷ್ಟನ್ನು ತಿಳಿಸಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಈಚೆಗೆ ತೊಡೆಗೆ ಗುಂಡು ಹೊಕ್ಕ ಯುವಕನೊಬ್ಬ ಬಂದಿದ್ದ. ಪೊಲೀಸರಿಗೆ ಸುದ್ದಿ ಹೋಗುವುದಾದರೆ ಈಗಲೇ ಎದ್ದು ಹೋಗುತ್ತೇನೆಂದು ಹಟ ಹಿಡಿದ. ಹೇಗೋ ಸಮಾಧಾನ ಮಾಡಿ ಚಿಕಿತ್ಸೆ ಕೊಟ್ಟೆವು, ಠಾಣೆಗೂ ತಿಳಿಸಿದೆವು. ಆದರೆ ಅವನು ನನ್ನನ್ನು ನಂಬಿ ಹೇಳಿಕೊಂಡ ಒಂದೆರಡು ಸಂಗತಿಗಳನ್ನು ಪೊಲೀಸರು ಕೇಳಿದಾಗ ನಾನು ತಡವರಿಸಿದೆ. ಗೋಪ್ಯತೆ ಎಲ್ಲಿ ಮುಗಿಯುತ್ತದೆ, ವರದಿಯ ಕರ್ತವ್ಯ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಕಾನೂನು ವಿದ್ಯಾರ್ಥಿ

ನೀವು ತಡವರಿಸಿದ್ದು ತಪ್ಪಲ್ಲ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಗುಂಡೇಟಿನ ಗಾಯಾಳು ಬಂದಿದ್ದಾನೆ ಎಂದು ತಿಳಿಸುವುದು ಒಂದು. ಅವನು ವೈದ್ಯರ ಬಳಿ ಆಡಿದ ಮಾತನ್ನು ಒಪ್ಪಿಸುವುದು ಇನ್ನೊಂದು. ಕಡ್ಡಾಯ ವರದಿಯ ಕಾನೂನುಗಳು ಸಾಮಾನ್ಯವಾಗಿ ಹಿಡಿಯುವುದು ಮೊದಲನೆಯದನ್ನು.

ಕೆನಡಾದ ಒಂಟಾರಿಯೊ ಪ್ರಾಂತ್ಯ 2005ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಅದರ ಪ್ರಕಾರ ಆಸ್ಪತ್ರೆ ಹೇಳಬೇಕಾದದ್ದು ಗುಂಡೇಟಿನ ಗಾಯಕ್ಕೆ ಒಬ್ಬರಿಗೆ ಚಿಕಿತ್ಸೆ ನಡೆಯುತ್ತಿದೆ ಎಂಬುದು, ಗೊತ್ತಿದ್ದರೆ ಆ ವ್ಯಕ್ತಿಯ ಹೆಸರು, ಆಸ್ಪತ್ರೆಯ ಹೆಸರು ಮತ್ತು ಸ್ಥಳ, ಇಷ್ಟೇ. ಅದನ್ನೂ ಬಾಯಿಮಾತಿನಲ್ಲಿ, ಚಿಕಿತ್ಸೆಗೆ ಅಡ್ಡಿಯಾಗದಂತೆ, ಸಾಧ್ಯವಾದಷ್ಟು ಬೇಗ ತಿಳಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಕೂಡಲೇ ದೂರವಾಣಿಯಲ್ಲಿ ತಿಳಿಸಿ, 2 ಕೆಲಸದ ದಿನಗಳೊಳಗೆ ಲಿಖಿತ ವರದಿಯನ್ನೂ ಕಳುಹಿಸಬೇಕು. ಬ್ರಿಟನ್ನಿನಲ್ಲಿ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ನ ಮಾರ್ಗದರ್ಶನ ಇನ್ನೂ ಬಿಗುವಾದದ್ದು: ಗುಂಡೇಟಿನ ಗಾಯಾಳು ಬಂದ ಸುದ್ದಿಯನ್ನು ಬೇಗ ತಿಳಿಸಿ, ಆದರೆ ಮೊದಲ ಕರೆಯಲ್ಲಿ ಸಾಮಾನ್ಯವಾಗಿ ಹೆಸರು ವಿಳಾಸಗಳನ್ನು ಹೇಳಬೇಡಿ ಎನ್ನುತ್ತದೆ. ಆಮೇಲೆ ಹೆಸರು ಬೇಕಾದರೆ ರೋಗಿಯ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ಸಾರ್ವಜನಿಕ ಹಿತ ಅಷ್ಟು ದೊಡ್ಡದೇ ಎಂದು ತೂಗಿ ನೋಡಬೇಕು.

ಭಾರತದಲ್ಲಿ ನಾವು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎನ್ನುವ ಪದ್ಧತಿ, ಅಂದರೆ ಇಂಥ ಗಾಯವನ್ನು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ಆಸ್ಪತ್ರೆ ದಾಖಲಿಸುವುದು, ಎಲ್ಲರಿಗೂ ಗೊತ್ತಿರುವುದೇ. ಯಾವುದು ಮೊದಲು ಎಂಬುದನ್ನು ಮಾತ್ರ ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಖಚಿತಪಡಿಸಿದೆ: ಜೀವ ಉಳಿಸುವ ಚಿಕಿತ್ಸೆ ಮೊದಲು, ಪೊಲೀಸ್ ವಿಧಿವಿಧಾನಗಳು ಆಮೇಲೆ.

ಉತ್ತರ – ಅನುಮಾನಿ

ಇಷ್ಟೆಲ್ಲ ನಿಯಮಗಳಿದ್ದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪೊಲೀಸರಿಗೆ ಹೆದರುವ ಗಾಯಾಳು ಆಸ್ಪತ್ರೆಯ ಬಾಗಿಲಿಗೇ ಬರದಿದ್ದರೆ ಈ ವರದಿಯಿಂದ ಯಾರಿಗೆ ಲಾಭ? ಚೂರಿ ಇರಿತವನ್ನೂ ಮನೆಯೊಳಗಿನ ಹೊಡೆತವನ್ನೂ ಇದೇ ಪಟ್ಟಿಗೆ ಸೇರಿಸಿದ ಕಡೆಗಳಿವೆ. ಕ್ಯಾಲಿಫೋರ್ನಿಯದ ಅದೇ ಕಾನೂನು ಹಲ್ಲೆಯಿಂದಾದ ಗಾಯಗಳನ್ನೆಲ್ಲ ಒಳಗೊಳ್ಳುತ್ತದೆ. ಗಂಡನಿಂದ ಪೆಟ್ಟು ತಿಂದ ಹೆಂಗಸು, ವರದಿ ಹೋದ ಮೇಲೆ ಮನೆಯಲ್ಲಿ ಏನಾದೀತೆಂಬ ಭಯದಿಂದ ಚಿಕಿತ್ಸೆಯನ್ನೇ ಬಿಡಬಹುದು. ವೈದ್ಯರನ್ನು ಪೊಲೀಸರ ಕೈಗೆ ಜೋಡಿಸುತ್ತ ಹೋದರೆ ಕೊನೆಗೆ ರೋಗಿಗೆ ನಂಬಲು ಯಾರೂ ಉಳಿಯುವುದಿಲ್ಲ.

ಉತ್ತರ – ಕಾನೂನು ವಿದ್ಯಾರ್ಥಿ

ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ; ಅಲ್ಲಿ ಸಂತ್ರಸ್ತೆಯ ಇಚ್ಛೆಯನ್ನು ಬದಿಗಿಡುವ ವರದಿ ಆಕೆಯನ್ನೇ ಅಪಾಯಕ್ಕೆ ದೂಡೀತು. ಗುಂಡೇಟಿನ ಮಾತು ಬೇರೆ ಎನ್ನಲು ಕಾರಣವಿದೆ. ಗುಂಡು ಹಾರಿಸಿದವನು ಇನ್ನೂ ಹೊರಗಿದ್ದಾನೆ, ಆಯುಧವೂ ಅವನ ಕೈಯಲ್ಲಿರಬಹುದು, ಕೆಲಸ ಮುಗಿಸಲು ಆಸ್ಪತ್ರೆಗೇ ಬಂದಾನು. ಅವನು ಬಂದರೆ ಅಪಾಯ ಗಾಯಾಳುವಿಗೆ ಮಾತ್ರವಲ್ಲ, ಪಕ್ಕದ ಮಂಚದ ರೋಗಿಗೂ ದಾದಿಯರಿಗೂ ಇದೆ. ಆ ಅಪಾಯವನ್ನು ಅಳೆಯುವುದು ವೈದ್ಯರ ಕೆಲಸವಲ್ಲ, ಪೊಲೀಸರದು. ಅಳೆಯಬೇಕಾದರೆ ಅವರಿಗೆ ಸುದ್ದಿಯಾದರೂ ತಲುಪಬೇಕು. ಕೈತಪ್ಪಿ ಹಾರಿದ ಗುಂಡಿಗೂ ಇದು ಸಲ್ಲುತ್ತದೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ನ್ಯೂಯಾರ್ಕಿನ ನೈಟ್‌ಕ್ಲಬ್ಬಿನಲ್ಲಿ ತನ್ನದೇ ಪಿಸ್ತೂಲಿನ ಗುಂಡನ್ನು ತನ್ನದೇ ತೊಡೆಗೆ ತಗುಲಿಸಿಕೊಂಡರು. ಆಸ್ಪತ್ರೆ ವರದಿ ಮಾಡದೆ ಉಳಿದದ್ದು ಅಲ್ಲಿ ದೊಡ್ಡ ವಿವಾದವಾಯಿತು, ಏಕೆಂದರೆ ಆ ರಾಜ್ಯದ ಕಾನೂನಿನಲ್ಲಿ ಹಾಗೆ ತಿಳಿಸದಿರುವುದೇ ಅಪರಾಧ.

ಉತ್ತರ – ನ್ಯಾಯವೈದ್ಯ

ಕಾನೂನಿನ ಚರ್ಚೆ ಆಗಿರುವುದರಿಂದ ಕೈಕೆಲಸದ ಬಗ್ಗೆ ಹೇಳುತ್ತೇನೆ, ಏಕೆಂದರೆ ಠಾಣೆಗೆ ಕರೆ ಮಾಡಿದಷ್ಟಕ್ಕೆ ಕರ್ತವ್ಯ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದು ನೀವು ಕೇಸ್ ಶೀಟಿನಲ್ಲಿ ಬರೆದ ನಾಲ್ಕು ಸಾಲುಗಳು.

ಗಾಯ ದೇಹದ ಯಾವ ಭಾಗದಲ್ಲಿದೆ, ಅಳತೆ ಎಷ್ಟು, ಆಕಾರ ಹೇಗಿದೆ, ಅಂಚಿನಲ್ಲಿ ತರಚಿದ ಉಂಗುರವಿದೆಯೇ, ಸುತ್ತ ಮಸಿ ಅಥವಾ ಸಿಡಿಮದ್ದಿನ ಚುಕ್ಕೆಗಳಿವೆಯೇ ಎಂಬುದನ್ನು ಗಾಯ ತೊಳೆಯುವ ಮೊದಲೇ ಬರೆಯಿರಿ, ಸಾಧ್ಯವಾದರೆ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ತೊಳೆದ ಮೇಲೆ ಮಸಿ ಮತ್ತೆ ಸಿಗುವುದಿಲ್ಲ, ಮಸಿ ಇಲ್ಲದೆ ಗುಂಡು ಎಷ್ಟು ಹತ್ತಿರದಿಂದ ಹಾರಿತೆಂದು ಹೇಳುವುದು ಕಷ್ಟ. ಗುಂಡು ಇಲ್ಲಿ ಹೊಕ್ಕಿತು, ಇಲ್ಲಿ ಹೊರಬಂತು ಎಂದು ಮಾತ್ರ ಬರೆಯಲು ಹೋಗಬೇಡಿ. ಹೊರಬಂದ ಗಾಯವೇ ದೊಡ್ಡದು ಎಂಬುದು ಬರೀ ನಂಬಿಕೆ. ಚರ್ಮಕ್ಕೆ ಒತ್ತಿ ಹಾರಿಸಿದಾಗ ಹೊಕ್ಕ ಗಾಯವೇ ನಕ್ಷತ್ರದಂತೆ ಸೀಳಿ ದೊಡ್ಡದಾಗಬಹುದು. ಕಂಡದ್ದನ್ನು ಬರೆದರೆ ಸಾಕು, ಅರ್ಥ ಹೇಳುವುದನ್ನು ನಮಗೆ ಬಿಡಿ.

ಬಟ್ಟೆ ಕತ್ತರಿಸುವಾಗ ಗುಂಡಿನ ತೂತಿನ ಮೇಲೆ ಕತ್ತರಿ ಆಡಿಸಬೇಡಿ. ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಕಾಗದದ ಚೀಲವೇ ಬೇಕು. ದೇಹದಿಂದ ತೆಗೆದ ಗುಂಡನ್ನು ಹಲ್ಲಿರುವ ಲೋಹದ ಚಿಮಟದಿಂದ ಹಿಡಿದರೆ, ಬಂದೂಕಿನ ನಳಿಗೆ ಬಿಟ್ಟ ಗೀರುಗಳ ಮೇಲೆ ನಿಮ್ಮ ಗೀರುಗಳೂ ಬೀಳುತ್ತವೆ. ಯಾವುದನ್ನು ಯಾರ ಕೈಗೆ, ಯಾವ ಹೊತ್ತಿನಲ್ಲಿ ಒಪ್ಪಿಸಿದಿರೆಂದು ಬರೆದು ಸಹಿ ಪಡೆಯಿರಿ. ಇವೆಲ್ಲವೂ ಜೀವ ಉಳಿಸುವ ಕೆಲಸದ ನಡುವೆ ಆಗುವಷ್ಟು ಮಾತ್ರ. ನೆತ್ತರು ಚಿಮ್ಮುತ್ತಿರುವಾಗ ಅಳತೆಪಟ್ಟಿ ಹುಡುಕಬೇಕೆಂದು ಯಾರೂ ಹೇಳುವುದಿಲ್ಲ.

ರಾತ್ರಿಪಾಳಿ

ಎಲ್ಲರಿಗೂ ಧನ್ಯವಾದಗಳು. ಅಂದು ಆ ಯುವಕನ ಅಂಗಿಯನ್ನೂ ಪ್ಯಾಂಟನ್ನೂ ನಾವು ಪ್ಲಾಸ್ಟಿಕ್ ಚೀಲಕ್ಕೇ ತುಂಬಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ. ವರದಿ ಮಾಡುತ್ತೇವೆಂದು ಗಾಯಾಳುವಿಗೆ ಮೊದಲೇ ಹೇಳಬೇಕೇ? ಹೇಳಿದ ಮೇಲೆ ಅವನು ಎದ್ದು ಹೊರಟೇಬಿಟ್ಟರೆ?

ಉತ್ತರ – ನ್ಯಾಯವೈದ್ಯ

ಹೇಳುವುದೇ ಒಳ್ಳೆಯದು, ಆದರೆ ಹೇಗೆ ಹೇಳುತ್ತೀರಿ ಎಂಬುದು ಮುಖ್ಯ. ಗುಂಡೇಟಿನ ಗಾಯ ಬಂದಿದೆಯೆಂದು ತಿಳಿಸುವುದು ನಮಗೆ ಕಡ್ಡಾಯ, ನೀವು ಪೊಲೀಸರ ಜೊತೆ ಮಾತನಾಡುವುದೂ ಬಿಡುವುದೂ ಬೇರೆ ವಿಷಯ, ನಿಮ್ಮ ಸ್ಥಿತಿ ಸುಧಾರಿಸುವವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರೆ ಬಹುಪಾಲು ಜನ ಮಲಗಿರುತ್ತಾರೆ. ಸ್ವಂತ ಬುದ್ಧಿಯಲ್ಲಿರುವ ವಯಸ್ಕ ಹೊರಟರೆ ಕಟ್ಟಿಹಾಕಲಾಗದು. ತೊಡೆಯ ದೊಡ್ಡ ರಕ್ತನಾಳ ಹರಿದಿದ್ದರೆ ನಿಮಿಷಗಳಲ್ಲಿ ಜೀವ ಹೋಗಬಹುದೆಂದು ಅವನಿಗೆ ಹೇಳಿ, ಹೇಳಿದ್ದನ್ನೂ ಹೊರಟ ವೇಳೆಯನ್ನೂ ಬರೆದಿಡಿ, ಗಾಯಕ್ಕೆ ಬಿಗಿಯಾದ ಕಟ್ಟು ಹಾಕಿ ಕಳುಹಿಸಿ. ಠಾಣೆಗೆ ಕರೆ ಆಗಲೂ ಮಾಡಲೇಬೇಕು.