‘ಹೆವಿ’ ಮದ್ದಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಸಿ ಕೊಡಿ.

ಸಿಸೇರಿಯನ್‌ಗೆ ದಿನ ಗೊತ್ತಾಗಿರುವ ಬಸುರಿಯರಿಗಾಗಿ ಎರಡು ಪುಟದ ಕೈಪತ್ರ ಬರೆಯುತ್ತಿದ್ದೇನೆ. ಆಪರೇಷನ್ ನೋವು ತಿಳಿಯದಿರಲೆಂದು ಬೆನ್ನಿಗೆ ಕೊಡುವ ಇಂಜೆಕ್ಷನ್ ಅದರ ವಿಷಯ. ಮದ್ದಿನ ಹೆಸರು ಬುಪಿವಕೇನ್. ಥಿಯೇಟರಿನಲ್ಲಿ ಅದನ್ನು ಸುಮ್ನೆ ‘ಹೆವಿ’ ಅಂತಾರೆ. ನನ್ನ ತಂಗಿ ಟೇಬಲ್ ಮೇಲೆ ಕೂತಿದ್ದಾಗ ‘ಹೆವಿ, ಎರಡು ಎಂಎಲ್’ ಅನ್ನುವ ಮಾತು ಕಿವಿಗೆ ಬಿತ್ತಂತೆ. ಆಮೇಲೆ ನನ್ನನ್ನು ಕೇಳಿದಳು, ‘ನಂಗೊಬ್ಬಳಿಗೇ ಯಾಕಕ್ಕ ಹೆವಿ ಡೋಸ್ ಕೊಟ್ಟಿದ್ದು?’

ಅವಳ ತಪ್ಪಿಲ್ಲ. ಹೆವಿ ಸೆಕೆ, ಹೆವಿ ಟ್ರಾಫಿಕ್, ಹೆವಿ ಬಿಲ್ಡಪ್. ನಮ್ಮ ಬಾಯಲ್ಲಿ ಹೆವಿ ಅಂದರೆ ಜಾಸ್ತಿ, ಅಲ್ವಾ?

ಇಲ್ಲಿ ಹಾಗಲ್ಲ. ಬೆನ್ನುಹುರಿಯ ಸುತ್ತ ಇರುವ ನೀರಿಗಿಂತ ಈ ಮದ್ದು ತೂಕ, ಅಷ್ಟೇ. ಒಂದು ಎಂಎಲ್‌ನಲ್ಲಿ ಮದ್ದು 5 ಮಿಲಿಗ್ರಾಂ, ಜೊತೆಗೆ ಡೆಕ್ಸ್ಟ್ರೋಸ್ ಅನ್ನುವ ಸಕ್ಕರೆ 80 ಮಿಲಿಗ್ರಾಂ. ನೀರಿಗೆ ಬೆಲ್ಲದ ಪಾಕ ಬಿಟ್ಟ ಹಾಗೆ ಅದು ತಳಕ್ಕೆ ಇಳಿಯುತ್ತದೆ. ಡೋಸ್ ಜಾಸ್ತಿ ಅನ್ನುವುದಂತೂ ಪೂರ್ತಿ ತಿರುವುಮುರುವು. ಬೇರೆ ಆಪರೇಷನ್‌ಗಳಿಗೆ 3 ಎಂಎಲ್, ಅಂದರೆ 15 ಮಿಲಿಗ್ರಾಂ ಕೊಡುವುದುಂಟು. ಬಸುರಿಗೆ ಸಾಮಾನ್ಯವಾಗಿ 10ರಿಂದ 12 ಮಿಲಿಗ್ರಾಂ ಸಾಕು. ಗರ್ಭದ ಭಾರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಆಗ ಬೆನ್ನುಮೂಳೆಯ ಒಳಗಿನ ನಾಳಗಳು ಉಬ್ಬುತ್ತವೆ, ನೀರಿಗೆ ಜಾಗ ಕಡಿಮೆಯಾಗುತ್ತದೆ. ಸ್ವಲ್ಪ ಮದ್ದೇ ದೂರ ಹೋಗುತ್ತದೆ.

ಈಗ ಪದಕ್ಕೆ ಬರೋಣ. ‘ಭಾರದ ಮದ್ದು’ ಅಂದರೆ ಹೊಟ್ಟೆ ಭಾರ ಮಾಡುವ ಮದ್ದು ಅನ್ನಿಸುತ್ತದೆ. ‘ಗಟ್ಟಿ ಮದ್ದು’ ಅಂದರೆ ಮತ್ತೆ ಜೋರು ಡೋಸೇ. ‘ತಳ ಹಿಡಿಯುವ ಮದ್ದು’ ಅಂತ ಒಮ್ಮೆ ಬರೆದೆ. ಅಮ್ಮ ಓದಿ, ‘ಹಾಲು ಸೀದುಹೋಯ್ತಾ?’ ಅಂದರು. ಛಂದಸ್ಸಿನ ‘ಗುರು’ ಚೆನ್ನಾಗಿ ಕೂರುತ್ತಿತ್ತು. ಗುರು ಅಂದರೂ ತೂಕದ್ದೇ. ಅದಕ್ಕೂ ಎರಡು ಮಾತ್ರೆ, ಇದಕ್ಕೂ ಎರಡು ಎಂಎಲ್! ಆದರೆ ಬೆಂಗಳೂರಿನ ಹುಡುಗಿಯರು ‘ಏನ್ ಗುರು’ ಅಂತ ನಕ್ಕಾರು. ಭಾರಕ್ಕೆ ಉತ್ತರ ಕರ್ನಾಟಕದಲ್ಲಿ ಹೇಳುವ ‘ವಜ್ಜ’ ನನಗೆ ಇಷ್ಟ. ಮೈಸೂರು ಕಡೆ ಅದು ತಿಳಿಯುವುದೇ?

ಇದಕ್ಕಿಂತ ದೊಡ್ಡ ತೊಡಕು ಕ್ರಿಯಾಪದದ್ದು. ಸಿಸೇರಿಯನ್‌ಗೆ ಮದ್ದಿನ ಪರಿಣಾಮ ಮೊಲೆತೊಟ್ಟಿನ ಮಟ್ಟದವರೆಗೆ ಬರಬೇಕು. ವೈದ್ಯರು ‘ಏರಿತು’ ಅಂತಾರೆ. ನಮ್ಮಲ್ಲಿ ಏರುವುದು ಅಮಲು, ವಿಷ, ಜ್ವರ. ಬಸುರಿಗೆ ‘ಮದ್ದು ಏರುತ್ತೆ’ ಅಂದರೆ ಗಾಬರಿಯಾಗದೇ ಇರುತ್ತದೆಯೇ? ಮೇಲಾಗಿ, ಇಳಿಯುವ ಮದ್ದು ಏರುವುದು ಹೇಗೆ? ಅಂಗಾತ ಮಲಗಿದಾಗ ಸೊಂಟದ ಭಾಗದಲ್ಲಿ ಬೆನ್ನುಮೂಳೆ ದಿಬ್ಬದ ಹಾಗೆ ಎದ್ದಿರುತ್ತದೆ, ಎದೆಯ ಹಿಂದೆ ತಗ್ಗು. ಆ ತಗ್ಗಿಗೆ ಮದ್ದು ಜಾರುತ್ತದೆ. ನೆಲಕ್ಕೆ ಅದು ಇಳಿತ, ಮೈಗೆ ಏರಿಕೆ. ಬಿಪಿ ಮಾತ್ರ ನಿಜವಾಗಿಯೂ ಇಳಿಯುತ್ತದೆ. ಅದಕ್ಕೇ ಟೇಬಲ್ಲನ್ನು ಎಡಕ್ಕೆ ಸ್ವಲ್ಪ ವಾಲಿಸುತ್ತಾರೆ, ಬೇರೆ ಮದ್ದನ್ನೂ ಕೊಡುತ್ತಾರೆ. ನಾನು ಸದ್ಯಕ್ಕೆ ‘ಜೋಮು ಹಬ್ಬುತ್ತದೆ’ ಅಂತ ಬರೆದಿದ್ದೇನೆ. ಜೋಮು ಅಂದರೆ ಕಾಲು ಜುಮುಜುಮು ಅನ್ನುವುದು ಮಾತ್ರವೋ, ಪೂರ್ತಿ ಮರಗಟ್ಟುವುದೂ ಹೌದೋ? ನಿಮ್ಮ ಕಡೆ ಹೇಗೆ?

‘ಅರಿವಳಿಕೆ’ಯನ್ನು ತಲೆಬರಹದಲ್ಲಿ ಬಿಟ್ಟರೆ ಬೇರೆಲ್ಲೂ ಬಳಸಿಲ್ಲ. ಅರಿವು ಅಳಿಯುವುದೇ ಇಲ್ಲವಲ್ಲ! ತಾಯಿ ಎಚ್ಚರವಾಗಿರುತ್ತಾಳೆ, ಮಗು ಅಳುವುದನ್ನು ಕೇಳುತ್ತಾಳೆ. ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯಬಾರದು. ‘ಎಲೆಕ್ಟಿವ್’ಗೆ ‘ಐಚ್ಛಿಕ’ ಅಂತ ಒಬ್ಬರು ಸೂಚಿಸಿದರು. ಐಚ್ಛಿಕ ಕನ್ನಡ ತಗೊಂಡ ಹಾಗೆ ಸಿಸೇರಿಯನ್ ತಗೊಳ್ಳುವುದೇ? ‘ದಿನ ಗೊತ್ತುಮಾಡಿದ’ ಅಂತಲೇ ಇಟ್ಟೆ.

ಕೈಪತ್ರದಲ್ಲಿ ಈಗಿರುವ ಸಾಲು ಇದು: ‘ಈ ಮದ್ದು ಬೆನ್ನಿನೊಳಗಿನ ನೀರಿಗಿಂತ ತೂಕ. ಥಿಯೇಟರಿನಲ್ಲಿ ಹೆವಿ ಅಂದರೆ ಇದೇ, ಜಾಸ್ತಿ ಡೋಸ್ ಅಂತಲ್ಲ.’ ಒಂದೇ ಪದ ಸಿಕ್ಕರೆ ಎರಡನೇ ವಾಕ್ಯ ಹೊಡೆದುಹಾಕಬಹುದು. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅಲ್ಲಿಯ ಆಯಾಗಳು ಇದಕ್ಕೆ ಏನಂತಾರೆ ಅಂತ ದಯವಿಟ್ಟು ತಿಳಿಸಿ.