ಗಾಡಿ ಪಾಲಿಶ್ ಮಾಡಿದ ಮೇಲೂ ಬಿಸಿಲಿಗೆ ಸ್ವರ್ಲ್ ಮಾರ್ಕ್ (ಸುತ್ತು ಸುತ್ತಿನ ಸಣ್ಣ ಗೀರು) ವಾಪಸ್ ಕಾಣ್ತಾ ಉಂಟು, ಡಿಎ ಮಿಷಿನ್‌ನಲ್ಲಿ ಎಂತ ಸರಿ ಮಾಡ್ಬೇಕು?

ಮಲ್ಪೆ_ಕಪ್ಪುಗಾಡಿ:
ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೀತಿದ್ದೇನೆ. ಗಾಡಿ ಕಪ್ಪು ಹ್ಯಾಚ್‌ಬ್ಯಾಕ್, ಎಲ್ಲಾ ಕಂಪೆನಿ ಪೇಂಟೇ, ಎಲ್ಲೂ ಟಚಪ್ ಕೂಡ ಆಗಿಲ್ಲ. ತುಂಬ ಸಮಯ ವಾಟರ್ ಸರ್ವಿಸ್‌ಗೆ ಕೊಟ್ಟು ಕೊಟ್ಟು ಬೊನೆಟ್ ಮತ್ತೆ ಬಾಗಿಲು ಇಡೀ ಜೇಡರ ಬಲೆ ಹಾಗೆ ಗೀರು, ಸೂರ್ಯನ ಬಿಂಬ ಬಿದ್ದ ಜಾಗದ ಸುತ್ತ ನೋಡ್ಲಿಕ್ಕೇ ಬೇಜಾರು. ಹಾಗಾಗಿ 15 ಎಂಎಂ ಥ್ರೋ (ಪ್ಯಾಡ್ ಸುತ್ತುವ ಸಣ್ಣ ವೃತ್ತದ ಅಗಲ) ಇರುವ ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ತಕೊಂಡೆ, ಜೊತೆಗೆ ಕಟಿಂಗ್ ಫೋಮ್ ಪ್ಯಾಡ್, ಮೆಗ್ವಾಯರ್ಸ್ ಎಂ105 ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಕ್ರೀಮ್). ತೊಳೆದು ಕ್ಲೇ (ಪೇಂಟಿಗೆ ಅಂಟಿದ ಕೊಳೆ ಎಳೆಯುವ ಜೇಡಿ ಉಂಡೆ) ಹೊಡೆದು ಮನೆ ಎದುರಿನ ಶೀಟ್ ಮಾಡಿನ ಅಡಿಯಲ್ಲಿ ಬೊನೆಟ್ ಪೂರ್ತಿ ಮಾಡಿದೆ. ಸಂಜೆ ನೋಡುವಾಗ ಕನ್ನಡಿ. ಮರುದಿವಸ ಶಾಂಪೂ ಹಾಕಿ ತೊಳೆದು ಬಿಸಿಲಿಗೆ ತಂದು ನಿಲ್ಲಿಸಿದ್ರೆ ಅರ್ಧಕ್ಕರ್ಧ ಗೀರು ಅಲ್ಲೇ ಉಂಟು ಮಾರಾಯ್ರೆ, ಅದಲ್ಲದೆ ಓರೆಯಿಂದ ನೋಡಿದ್ರೆ ಮಂಕು ಮಂಕು ಬೇರೆ. ಪೇಂಟಿಂಗ್ ಶೆಡ್‌ನವರೊಬ್ರು ಪರಿಚಯ ಇದ್ದಾರೆ, ರೋಟರಿ ಮಿಷಿನ್‌ಗೆ ಉಲ್ಲನ್ ಪ್ಯಾಡ್ ಹಾಕಿ ಅರ್ಧ ಗಂಟೆಯಲ್ಲಿ ತೆಗ್ದುಕೊಡ್ತೇನೆ ಅಂತಾರೆ. ಕೊಡ್ಬಹುದಾ?

ಕದ್ರಿ_ಕ್ಲಿಯರ್‌ಕೋಟ್:
ಸದ್ಯಕ್ಕೆ ಕೊಡ್ಬೇಡಿ. ರೋಟರಿಯಲ್ಲಿ ಚಂದ ಕೆಲಸ ಮಾಡುವವರು ಮಂಗಳೂರಲ್ಲೂ ಉಡುಪಿಯಲ್ಲೂ ಇದ್ದಾರೆ, ಆ ಮಿಷಿನ್ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಅದು ಒಂದೇ ಅಕ್ಷದ ಮೇಲೆ ತಿರುಗೂದು, ಬಿಸಿ ಒಂದೇ ಕಡೆ ಸೇರ್ತದೆ, ಕಪ್ಪು ಗಾಡಿಗೆ ಅರ್ಧ ಗಂಟೆಯಲ್ಲಿ ಉಲ್ಲನ್ ಹೊಡೆದು ಬಿಟ್ರೆ ಸ್ವರ್ಲ್ ಹೋಗಿ ಹೋಲೋಗ್ರಾಮ್ ಬರ್ತದೆ, ಬಿಸಿಲಲ್ಲಿ ಗಾಡಿ ಸುತ್ತ ನಡೆದ್ರೆ ಉದ್ದುದ್ದ ನೆರಳು ಹಾಗೆ ನಿಮ್ಮ ಜೊತೆಗೇ ಚಲಿಸ್ತದೆ. ಮೊದ್ಲು ಇಷ್ಟು ಹೇಳಿ: ಸ್ಪೀಡ್ ಎಷ್ಟರಲ್ಲಿ ಇಟ್ಟಿರಿ, ಒಂದು ಸಲಕ್ಕೆ ಎಷ್ಟು ಜಾಗ, ಒಟ್ಟು ಎಷ್ಟು ಪ್ಯಾಡ್ ಉಂಟು, ನಡುವೆ ಕ್ಲೀನ್ ಮಾಡಿದಿರಾ, ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ ನೋಡಿದಿರಾ, ಮತ್ತೆ ಮುಖ್ಯವಾಗಿ ಮಿಷಿನ್ ಓಡುವಾಗ ಪ್ಯಾಡ್ ತಿರುಗ್ತಿತ್ತಾ ಇಲ್ಲ ಬರೀ ನಡುಗ್ತಿತ್ತಾ?

ಮಲ್ಪೆ_ಕಪ್ಪುಗಾಡಿ:
ಸ್ಪೀಡ್ 5. ಅರ್ಧ ಬೊನೆಟ್ ಒಂದು ಸಲಕ್ಕೆ. ಪ್ಯಾಡ್ ಒಂದೇ, ಇಡೀ ಬೊನೆಟ್ ಅದರಲ್ಲೇ. ಐಪಿಎ ಹಾಕ್ಲಿಲ್ಲ, ಮೈಕ್ರೋಫೈಬರ್‌ನಲ್ಲಿ ಒರೆಸಿದ್ದು ಅಷ್ಟೆ. ಪ್ಯಾಡ್ ತಿರುಗೂದು ಗಮನಿಸ್ಲಿಲ್ಲ, ಸೌಂಡ್ ಬರ್ತಿತ್ತು.

ಕದ್ರಿ_ಕ್ಲಿಯರ್‌ಕೋಟ್:
ಸರಿ, ವಿಷಯ ಇಲ್ಲೇ ಉಂಟು. ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ಈ ಪ್ರಶ್ನೆ ಮಳೆಗಾಲದ ಮೊದ್ಲು ಪ್ರತಿ ವರ್ಷ ಬರ್ತದೆ.

ನಿಮ್ಮ ಗೀರು ವಾಪಸ್ ಬಂದದ್ದಲ್ಲ, ಹೋಗಿರ್ಲೇ ಇಲ್ಲ. ಕಾಂಪೌಂಡ್‌ನಲ್ಲಿ ಎಣ್ಣೆ ಅಂಶ ಇರ್ತದೆ, ಅದು ಗೀರಿನ ಒಳಗೆ ಕೂತು ಬೆಳಕು ಚದುರದ ಹಾಗೆ ಮಾಡ್ತದೆ, ಶಾಂಪೂ ಹಾಕಿ ತೊಳೆದ ಕೂಡ್ಲೇ ಎಣ್ಣೆ ಹೋಯ್ತು ಗೀರು ಕಂಡಿತು. ಶೀಟಿನ ಅಡಿ ಸಂಜೆ ಬೆಳಕಲ್ಲಂತೂ ಎಂಥ ಗೀರೂ ಕಾಣೂದಿಲ್ಲ, ಒಂದೇ ಕಡೆಯಿಂದ ಬೀಳುವ ಬೆಳಕು ಬೇಕು, ಒಳ್ಳೆ ಎಲ್‌ಇಡಿ ಟಾರ್ಚ್ ಆದ್ರೂ ಸಾಕು. ಹಾಗಾಗಿ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಭಾಗಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಭಾಗ ಸೇರಿಸಿ ಸ್ಪ್ರೇ ಬಾಟ್ಲಿಯಲ್ಲಿ ಇಟ್ಕೊಳ್ಳಿ, ನೀರು ಸೇರಿಸದೆ ಹಾಗೇ ಹಾಕ್ಬೇಡಿ. ಒಂದು ಜಾಗ ಮುಗಿದ ಕೂಡ್ಲೇ ಹೊಡೆದು ಒರೆಸಿ ಟಾರ್ಚ್ ಹಿಡಿದು ನೋಡಿ, ಆಮೇಲೆಯೇ ಮುಂದಿನ ಜಾಗ. ಇದೊಂದು ಮಾಡಿದ್ರೆ ಇಡೀ ಬೊನೆಟ್ ಮುಗಿಸಿ ಮರುದಿನ ಗೊತ್ತಾಗುವ ಪರಿಸ್ಥಿತಿ ಇಲ್ಲ.

ಇನ್ನು ಪ್ಯಾಡ್. ಡಿಎ ಮಿಷಿನ್‌ನಲ್ಲಿ ಪ್ಯಾಡ್ ಎರಡು ರೀತಿ ಚಲಿಸೂದು, ನಡುವಿನಿಂದ ಸರಿದು ಸಣ್ಣ ಸುತ್ತು ಒಂದು, ತನ್ನಷ್ಟಕ್ಕೆ ತಿರುಗೂದು ಇನ್ನೊಂದು. ಈ ಎರಡನೇದು ಗಿಯರ್ ಇಲ್ಲದ ಮಿಷಿನ್‌ನಲ್ಲಿ ಬಲವಂತದ್ದಲ್ಲ, ಒತ್ತಿದ್ರೆ, ಓರೆ ಹಿಡಿದ್ರೆ, ಬೊನೆಟ್ ಬಗ್ಗಿದ ಕಡೆ ಪ್ಯಾಡಿನ ಒಂದೇ ಬದಿ ತಾಗಿದ್ರೆ ನಿಂತುಹೋಗ್ತದೆ. 15 ಎಂಎಂ ಥ್ರೋದಲ್ಲಿ ಇದು ಜಾಸ್ತಿ. ಸೌಂಡ್ ಬರ್ತಾ ಇರ್ತದೆ, ಮಿಷಿನ್ ನಡುಗ್ತಾ ಇರ್ತದೆ, ಆದ್ರೆ ಕಟ್ (ಪೇಂಟ್ ಉಜ್ಜಿ ತೆಗೆಯೂದು) ಆಗುದೇ ಇಲ್ಲ ಅನ್ನಬಹುದು. ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ, ಗೆರೆ ಸುತ್ತೂದು ಕಣ್ಣಿಗೆ ಕಾಣ್ಬೇಕು. ನಿಂತ್ರೆ ಒತ್ತಡ ಕಮ್ಮಿ ಮಾಡಿ, ಪ್ಯಾಡ್ ಚಪ್ಪಟೆ ಕೂರಿಸಿ. ಬಂಪರ್, ಪಿಲ್ಲರ್ ಕಡೆಗೆ 3 ಇಂಚಿನ ಸಣ್ಣ ಪ್ಲೇಟ್ ಬೇಕೇ ಬೇಕು.

ಅರ್ಧ ಬೊನೆಟ್ ತುಂಬ ಜಾಸ್ತಿ ಆಯ್ತು. ಒಂದೂವರೆ ಅಡಿ ಚೌಕ, ಹೆಚ್ಚೆಂದ್ರೆ ಎರಡು. ಕಡ್ಲೆ ಗಾತ್ರದ ಮೂರು ನಾಲ್ಕು ಹನಿ, ಮೊದ್ಲು ಸಣ್ಣ ಸ್ಪೀಡಲ್ಲಿ ಹರಡಿ, ಆಮೇಲೆ 4 ಅಥವಾ 5ರಲ್ಲಿ ನಿಧಾನಕ್ಕೆ, ಸೆಕೆಂಡಿಗೆ ಒಂದಿಂಚು ಅಂತ ಲೆಕ್ಕ ಇಟ್ಕೊಳ್ಳಿ, ಅಡ್ಡ ಒಂದು ಸಲ ಉದ್ದ ಒಂದು ಸಲ, ಅರ್ಧರ್ಧ ಒಂದರ ಮೇಲೊಂದು ಬರುವ ಹಾಗೆ. ಎಂ105ರ ಅಬ್ರೇಸಿವ್ (ಉಜ್ಜುವ ಕಣ) ಪುಡಿಯಾಗಿ ಸಣ್ಣದಾಗುವ ಜಾತಿಯದ್ದಲ್ಲ, ಬೇಗ ಒಣಗುವ ಸ್ವಭಾವ ಬೇರೆ. ಹಾಗಾಗಿ ನಾಲ್ಕು ಪಾಸ್ (ಇಡೀ ಜಾಗಕ್ಕೆ ನಾಲ್ಕು ಸಲ ಓಡಿಸಿದ್ದು) ಆಯ್ತಾ ಒರೆಸಿ, ಒಣಗಿದ್ದರ ಮೇಲೆ ಮತ್ತೆ ಉಜ್ಜಬಾರದು. ಪ್ರತಿ ಜಾಗ ಆದ ಮೇಲೆ ನೈಲಾನ್ ಬ್ರಷ್‌ನಲ್ಲಿ ಪ್ಯಾಡ್ ಉಜ್ಜಿ, ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಪದರದ) ಪುಡಿ ಮತ್ತು ಹಳೇ ಕಾಂಪೌಂಡ್ ಪ್ಯಾಡಲ್ಲಿ ಉಳಿದ್ರೆ ಅದೇ ಹೊಸ ಗೀರು ಹಾಕ್ತದೆ. ಪ್ಯಾಡ್ ಚಂಡಿ (ಒದ್ದೆ) ಆಗಿ ಬಿಸಿಯಾದ್ರೆ ಬದಲಿಸ್ಬೇಕು, ಒಂದೇ ಪ್ಯಾಡಲ್ಲಿ ಬೊನೆಟ್ ಆಗುದಿಲ್ಲ.

ಸುರತ್ಕಲ್_ಹೈವೇ66:
ಕದ್ರಿಯವ್ರು ಹೇಳಿದ್ದು ಸರಿ, ಆದ್ರೆ ಕಟ್ ಸಾಕಾಗುದಿಲ್ಲ ಅಂತಾದ್ರೆ ಸೀದಾ ಮೈಕ್ರೋಫೈಬರ್ ಪ್ಯಾಡ್ ಹಾಕೂದು ಒಳ್ಳೇದಲ್ವಾ? ನನ್ನ ಬಿಳಿ ಗಾಡಿಗೆ ಅದರಲ್ಲೇ ಹೋಗಿದೆ. ಫೋಮ್‌ನಲ್ಲಿ ಇಡೀ ದಿನ ಬೇಕು. ಮತ್ತೆ ಪಣಂಬೂರು ಬಂದರು ಕಡೆ ಓಡುವ ಗಾಡಿಗಾದ್ರೆ ಕ್ಲೇಗಿಂತ ಮೊದ್ಲು ಐರನ್ ರಿಮೂವರ್ ಹೊಡೀರಿ, ನೇರಳೆ ಬಣ್ಣ ಇಳಿಯೂದು ನೋಡಿದ್ರೆ ಎಷ್ಟು ಕಬ್ಬಿಣ ಕೂತಿತ್ತು ಅಂತ ಗೊತ್ತಾಗ್ತದೆ.

ಕದ್ರಿ_ಕ್ಲಿಯರ್‌ಕೋಟ್:
ಐರನ್ ರಿಮೂವರ್ ವಿಷಯ ಒಪ್ಪಿದೆ. ಪ್ಯಾಡ್ ವಿಷಯದಲ್ಲಿ ಒಪ್ಪೂದಿಲ್ಲ. ಬಿಳಿಯಲ್ಲಿ ಮಂಕು ಕಾಣೂದಿಲ್ಲ ಅಣ್ಣ, ಕಪ್ಪಲ್ಲಿ ಎಲ್ಲಾ ಕಾಣ್ತದೆ. ಅವರು ಓರೆಯಿಂದ ನೋಡಿದ ಮಂಕು ಅದೇ, ಜೋರು ಕಾಂಪೌಂಡ್ ಜೋರು ಪ್ಯಾಡ್ ಸೇರಿ ಮೆದು ಪೇಂಟ್ ಮೇಲೆ ಹಾಕಿದ ಕಣ್ಣಿಗೆ ಬಿಡಿಸಿ ಕಾಣದಷ್ಟು ಸಣ್ಣ ಗೀರು. ಮೈಕ್ರೋಫೈಬರ್ ಹಾಕಿದ್ರೆ ಅದು ಇನ್ನೂ ಹೆಚ್ಚಾಗ್ತದೆ.

ನಾನು ಹೇಳೂದು ತಿರುಗಾಮುರುಗಾ: ಮೊದ್ಲು ಎಂ205 (ಎಂ105ಗಿಂತ ನಯವಾದ ಪಾಲಿಶ್) ಮತ್ತು ಮೀಡಿಯಂ ಪಾಲಿಶಿಂಗ್ ಪ್ಯಾಡ್ ಹಾಕಿ ಒಂದಡಿ ಜಾಗದಲ್ಲಿ ಟೆಸ್ಟ್ ಸ್ಪಾಟ್ ಮಾಡಿ. ಅದರಲ್ಲೇ ಹೆಚ್ಚಿನದು ಹೋದ್ರೆ ಎಂ105 ಮುಟ್ಟುದೇ ಬೇಡ. ಕಂಪೆನಿ ಪೇಂಟಿನಲ್ಲಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಒಂದು ತಲೆಕೂದಲಿಗಿಂತ ತೆಳು. ಬಿಸಿಲಿನ ಯುವಿ ತಡೆಯುವ ಅಂಶ ಇರೂದೂ ಅದರಲ್ಲೇ. ತೆಗೆದದ್ದು ತೆಗೆದದ್ದೇ, ವಾಪಸ್ ಹಾಕ್ಲಿಕ್ಕೆ ಆಗುದಿಲ್ಲ. ವರ್ಷವರ್ಷ ಕಾಂಪೌಂಡ್ ಹೊಡೆಸಿದ ಗಾಡಿಯ ರೂಫ್ ಬಿಳಿಬಿಳಿಯಾಗಿ ಸಿಪ್ಪೆ ಏಳೂದು ನಮ್ಮ ಊರಿನ ಬಿಸಿಲಿಗೆ ಆಗುವಂಥದ್ದೇ, ಅಲ್ಲಿಗೆ ರೀಪೇಂಟ್ ಒಂದೇ ದಾರಿ. ಥಿಕ್‌ನೆಸ್ ಗೇಜ್ ಸಿಕ್ಕಿದ್ರೆ ಹಿಡಿದು ನೋಡಿ, ಆದ್ರೆ ಅದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿಸಿ ತೋರಿಸೂದು ಅಂತ ನೆನಪಿರ್ಲಿ. ಬಾಡಿ ಲೈನ್ ಮತ್ತು ಬಾಗಿಲಿನ ಅಂಚು ಎಲ್ಲಕ್ಕಿಂತ ತೆಳು, ಮಾಸ್ಕಿಂಗ್ ಟೇಪ್ ಹಾಕದೆ ಹತ್ರ ಹೋಗ್ಬೇಡಿ. ಉಗುರು ಸಿಕ್ಕಿಕೊಳ್ಳುವ ಗೀರಿನ ಹಿಂದೆ ಬೀಳ್ಬೇಡಿ, ಅದು ಇರ್ಲಿ.

ಮಲ್ಪೆ_ಕಪ್ಪುಗಾಡಿ:
ಮಾಡಿ ನೋಡಿದೆ. ಗೆರೆ ಎಳೆದದ್ದು ಒಳ್ಳೇದಾಯ್ತು, ಬೊನೆಟ್ ನಡುವೆ ಪ್ಯಾಡ್ ತಿರುಗ್ತದೆ, ಹೆಡ್‌ಲೈಟ್ ಹತ್ರ ಬಗ್ಗಿದ ಕಡೆ ಪೂರ್ತಿ ನಿಂತೇಬಿಡ್ತದೆ. ಗೀರು ಉಳಿದದ್ದೂ ಹೆಚ್ಚಾಗಿ ಅಲ್ಲೇ. ಎಂ205 ಮತ್ತೆ ಮೀಡಿಯಂ ಪ್ಯಾಡಲ್ಲಿ ಟೆಸ್ಟ್ ಸ್ಪಾಟ್ ಮಾಡಿ ಐಪಿಎ ಹೊಡೆದು ಟಾರ್ಚ್ ಹಿಡಿದ್ರೆ ಸಣ್ಣ ಗೀರು ಎಲ್ಲಾ ಹೋಗಿದೆ, ದಪ್ಪದ್ದು ನಾಲ್ಕೈದು ಉಂಟು, ಮಂಕು ಪೂರ್ತಿ ಮಾಯ. ತೊಳೆದು ಬಿಸಿಲಿಗೂ ಇಟ್ಟೆ, ಹಾಗೇ ಉಂಟು! ತುಂಬ ಖುಷಿ ಆಯ್ತು. ಉಳಿದ ದಪ್ಪ ಗೀರಿಗೆ ಎಂ105 ಹಾಕ್ಲಾ?

ಕದ್ರಿ_ಕ್ಲಿಯರ್‌ಕೋಟ್:
ಬೇಡ. ದಿನನಿತ್ಯ ಓಡುವ ಗಾಡಿ ಅಲ್ವಾ, ಇಷ್ಟಕ್ಕೇ ನಿಲ್ಲಿಸಿ. ಅದೇ ಜೋಡಿಯಲ್ಲಿ ಬಾಗಿಲು, ರೂಫ್ ಮಾಡಿ, ಜೂನ್ ಒಳಗೆ ಸೀಲಂಟ್ (ಪೇಂಟ್ ಕಾಯುವ ಲೇಪ) ಹಾಕಿಬಿಡಿ.

ಆದ್ರೆ ಇನ್ನು ವಾಟರ್ ಸರ್ವಿಸ್‌ನಲ್ಲಿ ಬಟ್ಟೆ ಮುಟ್ಟಿಸ್ಬೇಡಿ, ಬರೀ ನೀರು ಹೊಡೆಸಿ ತನ್ನಿ ಬೇಕಾದ್ರೆ. ಮುರಕಲ್ಲಿನ ಕೆಂಪು ಮಣ್ಣು ಕೂತಿರುವಾಗ ಬೈರಾಸಿನಲ್ಲಿ (ಟವೆಲ್) ಒರೆಸಿದ್ರೆ ಒಂದೇ ಸಲಕ್ಕೆ ಇಷ್ಟು ಕೆಲಸ ಹಾಳು. ಮೊದ್ಲು ನೀರು, ಆಮೇಲೆ ಫೋಮ್, ಅದನ್ನು ತೊಳೆದು ಎರಡು ಬಕೆಟ್ (ಒಂದು ಶಾಂಪೂಗೆ, ಒಂದು ಮಿಟ್ ಜಾಲಾಡ್ಲಿಕ್ಕೆ) ಇಟ್ಟು ಮಿಟ್‌ನಲ್ಲಿ (ತೊಳೆಯುವ ಕೈಗವಸು) ಮೇಲಿಂದ ಕೆಳಗೆ. ಬೋರ್‌ವೆಲ್ ನೀರಾದ್ರೆ ಗಾಡಿ ಮೇಲೆ ಒಣಗ್ಲಿಕ್ಕೆ ಬಿಡ್ಲೇಬೇಡಿ, ಕಬ್ಬಿಣ ಇರುವ ನೀರಿನ ಕಲೆ ಕಪ್ಪಿನ ಮೇಲೆ ಬಿಡಿಸೂದು ಸ್ವರ್ಲ್‌ಗಿಂತ ಕಷ್ಟ. ದೊಡ್ಡ ಮೈಕ್ರೋಫೈಬರ್ ಟವೆಲ್ ಹಾಸಿ ಎಳೀರಿ, ಉಜ್ಜಬೇಡಿ.

ಮಲ್ಪೆ_ಕಪ್ಪುಗಾಡಿ:
ಆಯ್ತು ಸರ್. ಬಾಗಿಲಿನ ಹ್ಯಾಂಡಲ್ ಹಿಂದೆ ಗುಂಡಿಯಲ್ಲಿ ಉಗುರಿನ ಗೀರು ಉಂಟಲ್ಲ, ಅಲ್ಲಿಗೆ 3 ಇಂಚು ಕೂಡ ಹೋಗೂದಿಲ್ಲ.

ಕದ್ರಿ_ಕ್ಲಿಯರ್‌ಕೋಟ್:
ಅಲ್ಲಿ ಮಿಷಿನ್ ಬೇಡ. ಸಣ್ಣ ಫೋಮ್ ಅಪ್ಲಿಕೇಟರ್‌ಗೆ ಎರಡು ಹನಿ ಎಂ205, ಬೆರಳಲ್ಲಿ ಒತ್ತಿ ಅಡ್ಡ ಉದ್ದ ಉಜ್ಜಿ, ಒರೆಸಿ ನೋಡಿ, ಇನ್ನೊಂದು ಸಲ ಮಾಡಿ. ಅರ್ಧ ಹೋಗ್ತದೆ. ಉಳಿದದ್ದಕ್ಕೆ ಪಾರದರ್ಶಕ ಪಿಪಿಎಫ್ (ಪೇಂಟ್ ಕಾಯುವ ಫಿಲ್ಮ್) ಕಪ್ ಸ್ಟಿಕ್ಕರ್ ಸಿಗ್ತದೆ, ಅದು ಅಂಟಿಸಿದ್ರೆ ಹೊಸ ಗೀರು ಬೀಳೂದು ಸ್ಟಿಕ್ಕರ್ ಮೇಲೆ.