ಆದರ್ಶ ಅನಿಲದಲ್ಲಿ ಅಣುಗಳ ನಡುವಿನ ಸರಾಸರಿ ದೂರ: ಯಾವ ಲೆಕ್ಕ ಸರಿ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿ): ಸರ್, 27 ಡಿಗ್ರಿ ಸೆಲ್ಸಿಯಸ್ ತಾಪ ಮತ್ತು ಒಂದು ವಾಯುಮಂಡಲದ ಒತ್ತಡದಲ್ಲಿರುವ ಗಾಳಿಯಲ್ಲಿ ಪ್ರತಿ ಅಣುವಿನ ಪಾಲಿನ ಜಾಗವನ್ನು ಘನವೆಂದು ಭಾವಿಸಿದರೆ ಅಣುಗಳ ನಡುವಿನ ದೂರ 3.4 ನ್ಯಾನೋಮೀಟರ್ ಬರುತ್ತದೆ. ಅದೇ ಜಾಗವನ್ನು ಗೋಳವೆಂದು ಭಾವಿಸಿ ವ್ಯಾಸ ತೆಗೆದರೆ 4.3 ಬರುತ್ತದೆ. ಯಾವುದನ್ನು ಬರೆಯಬೇಕು?

ಉತ್ತರ (ಭೌತಶಾಸ್ತ್ರ ಉಪನ್ಯಾಸಕರು): ಘನದ ಲೆಕ್ಕವನ್ನೇ ಬರೆಯಿರಿ. ಒತ್ತಡವಾದ 1,01,325 ಪ್ಯಾಸ್ಕಲ್ ಅನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು 300 ಕೆಲ್ವಿನ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ಘನಮೀಟರಿನಲ್ಲಿ ಸುಮಾರು 2.45 × 10²⁵ ಅಣುಗಳಿರುವುದು ತಿಳಿಯುತ್ತದೆ. ಅಂದರೆ ಒಂದು ಅಣುವಿನ ಪಾಲಿಗೆ ಸುಮಾರು 41 ಘನ ನ್ಯಾನೋಮೀಟರ್ ಜಾಗ, ಅದರ ಘನಮೂಲ 3.4. ಗೋಳಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದನ್ನು ಬಿಡದೆ ಇಡೀ ಜಾಗವನ್ನು ಗೋಳಗಳಿಗೇ ಹಂಚಿದ್ದರಿಂದ 4.3 ಎಂಬ ಹೆಚ್ಚಿನ ಬೆಲೆ ಬಂದಿದೆ.

ಆದರೆ ಇದು ಅಂದಾಜು ಎಂಬುದನ್ನು ಮರೆಯಬಾರದು. ಅನಿಲದ ಅಣುಗಳು ಸಾಲಾಗಿ ನಿಂತಿರುವುದಿಲ್ಲ, ಎಲ್ಲೆಂದರಲ್ಲಿ ಚದುರಿರುತ್ತವೆ. ಹಾಗಾಗಿ ಪ್ರತಿ ಅಣುವಿಗೂ ಅತ್ಯಂತ ಹತ್ತಿರದ ಅಣು ಎಷ್ಟು ದೂರದಲ್ಲಿದೆ ಎಂದು ನೋಡಿ ಸರಾಸರಿ ತೆಗೆದರೆ ಘನಮೂಲದ 0.554 ಪಾಲು, ಅಂದರೆ 1.9 ನ್ಯಾನೋಮೀಟರ್ ಮಾತ್ರ ಸಿಗುತ್ತದೆ. ಈ ಗುಣಾಂಕವನ್ನು ಪಾಲ್ ಹರ್ಟ್ಸ್ 1909ರಲ್ಲೇ ಸಾಧಿಸಿದ್ದರು. ನಿಮ್ಮ ಪರೀಕ್ಷೆಗೆ ಇದು ಬೇಕಾಗಲಾರದು, ಆದರೂ ತಿಳಿದಿರುವುದು ಒಳ್ಳೆಯದು.

ಮರುಪ್ರಶ್ನೆ: ಹಾಗಾದರೆ ಒಂದು ಅಣು 3.4 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆಯೇ? ಗಾಳಿಯ ಬದಲು ಹೈಡ್ರೋಜನ್ ಇದ್ದರೆ?

ಉತ್ತರ: ಇಲ್ಲ. ಗಾಳಿಯ ಅಣುವಿನ ವ್ಯಾಸ ಸುಮಾರು 0.37 ನ್ಯಾನೋಮೀಟರ್, ಅಂದರೆ ಅಣುಗಳ ನಡುವಿನ ದೂರದ ಒಂಬತ್ತನೇ ಒಂದು ಭಾಗದಷ್ಟು. ಇಷ್ಟು ಸಣ್ಣ ಗುರಿಗಳ ಪಕ್ಕದಿಂದ ಅಣು ಮತ್ತೆ ಮತ್ತೆ ನುಸುಳಿಹೋಗುವುದರಿಂದ ಎರಡು ಡಿಕ್ಕಿಗಳ ನಡುವೆ ಅದು ಸಾಗುವ ದೂರ, ಅಂದರೆ ಸರಾಸರಿ ಮುಕ್ತ ಪಥ, ಸುಮಾರು 67 ನ್ಯಾನೋಮೀಟರ್ ಆಗುತ್ತದೆ. ಹೈಡ್ರೋಜನ್ ಅಣು ಇನ್ನೂ ಚಿಕ್ಕದಾದ್ದರಿಂದ ಅದರ ಮುಕ್ತ ಪಥ ಹೆಚ್ಚು. ಆದರೆ ಅದೇ ತಾಪ, ಅದೇ ಒತ್ತಡದಲ್ಲಿ ಅಣುಗಳ ನಡುವಿನ ದೂರ ಯಾವ ಆದರ್ಶ ಅನಿಲಕ್ಕಾದರೂ ಒಂದೇ. ಈ ಎರಡು ಅಳತೆಗಳನ್ನು ಬೆರೆಸುವ ವಿದ್ಯಾರ್ಥಿಗಳು ಬಹಳ ಮಂದಿ, ಆದ್ದರಿಂದ ಒತ್ತಡ ಬದಲಿಸಿ ನೋಡಿ: ತಾಪವನ್ನು ಹಾಗೆಯೇ ಇಟ್ಟು ಒತ್ತಡವನ್ನು ಎಂಟು ಪಟ್ಟು ಮಾಡಿದರೆ ಅಣುಗಳ ನಡುವಿನ ದೂರ ಅರ್ಧಕ್ಕೆ ಇಳಿಯುತ್ತದೆ, ಮುಕ್ತ ಪಥವಾದರೋ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.